ಹಿಮಖಂಡಕ್ಕೊಂದು ಕಾಗದ

ಭೂಗೋಳದ ಪಾಠದಲ್ಲಿ ಅಂಟಾರ್ಕ್ಟಿಕಾ ಬಂದ ದಿನ, ವಯನಾಡಿನ ಚಳಿಗೇ ಶಾಲು ಹೊದ್ದು ಕುಳಿತ ಹುಡುಗಿಯೊಬ್ಬಳು ಕೇಳಿದಳು: "ಮಾಷ್ಟ್ರೆ, ಅಲ್ಲಿಗೆ ನಾವೂ ಹೋಗಬಹುದೆ?"

ಹೋಗಬಹುದು, ಹಣವಿದ್ದರೆ. ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ ಎಂಬವರು 1966ರಲ್ಲಿ ಪ್ರವಾಸಿಗಳನ್ನು ಕರೆದೊಯ್ದ ಮೇಲೆ ಆ ಯಾತ್ರೆ ಬೆಳೆಯುತ್ತ ಬಂತು. ಈಗ ಒಂದೊಂದು ಬೇಸಗೆಯಲ್ಲಿ ಲಕ್ಷಕ್ಕೂ ಮಿಕ್ಕಿ ಜನ ಹೋಗಿಬರುತ್ತಾರೆ. ಹೆಚ್ಚಿನ ಹಡಗುಗಳು ಅರ್ಜೆಂಟೀನಾದ ಉಶುವಾಯಾ ಬಂದರಿನಿಂದ ಹೊರಡುತ್ತವೆ. ಡ್ರೇಕ್ ಜಲಸಂಧಿ ದಾಟಲು ಸುಮಾರು ಎರಡು ದಿನ. ಗಾಳಿಗೂ ತೆರೆಗೂ ಅಡ್ಡವಾಗಿ ನೆಲವೇ ಇಲ್ಲದ ಆ ಕಡಲಿನಲ್ಲಿ ಹೊಟ್ಟೆ ತೊಳೆಸದವರು ಕಡಿಮೆಯಂತೆ. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಜನರನ್ನು ಅಲ್ಲಿ ಇಳಿಸುವಂತಿಲ್ಲ. ಒಂದು ಜಾಗದಲ್ಲಿ ಒಮ್ಮೆಗೆ 100 ಮಂದಿ ಮಾತ್ರ ದಡದಲ್ಲಿರಬಹುದು. ಅಪಾಯವೂ ಇಲ್ಲದಿಲ್ಲ. 2007ರ ನವೆಂಬರಿನಲ್ಲಿ 'ಎಕ್ಸ್‌ಪ್ಲೋರರ್' ಹಡಗು ಮಂಜಿಗೆ ತಾಗಿ ಮುಳುಗಿತು. ಅದರಲ್ಲಿದ್ದ 154 ಮಂದಿಯೂ ಉಳಿದರು. ಟಿಕೇಟಿಗೆ ಲಕ್ಷಗಟ್ಟಲೆ ಬೇಕೆಂದಾಗ ತರಗತಿ ನಕ್ಕಿತು. ಕರಿಮೆಣಸಿನ ಬಳ್ಳಿ ಒಣಗಿದ ಮನೆಗಳ ಮಕ್ಕಳು ನಗದೆ ಇನ್ನೇನು ಮಾಡಿಯಾರು?

ಆಗ ನಮ್ಮ ದೇಶದ ಹಡಗಿನ ಕಥೆ ಹೇಳಿದೆವು. ಕಾರವಾರದಾಚೆ, ಗೋವೆಯ ಮರ್ಮಗೋವಾ ಬಂದರಿನಿಂದ 1981ರ ಡಿಸೆಂಬರ್ 6ರಂದು ಡಾ. ಸೈಯದ್ ಜಹೂರ್ ಖಾಸಿಮರ ಮುಂದಾಳ್ತನದಲ್ಲಿ 21 ಮಂದಿ ಹೊರಟರು. ನಾರ್ವೆಯಿಂದ ಬಾಡಿಗೆಗೆ ಪಡೆದ ಹಡಗು, 'ಪೋಲಾರ್ ಸರ್ಕಲ್'. 1982ರ ಜನವರಿ 9ರಂದು ಹಿಮದ ಮೇಲೆ ಕಾಲಿಟ್ಟರು. ಬಳಿಕ ಕಟ್ಟಿದ 'ದಕ್ಷಿಣ ಗಂಗೋತ್ರಿ' ನೆಲೆ ಹಿಮದಲ್ಲಿ ಹೂತುಹೋಯಿತು. ಈಗಿರುವ ನೆಲೆಗಳು 'ಮೈತ್ರಿ' ಮತ್ತು 'ಭಾರತಿ'.

ಈ ಭಾರತಿಯಲ್ಲಿ 2024ರ ಏಪ್ರಿಲ್ 5ರಂದು ಅಂಚೆ ಕಚೇರಿ ತೆರೆಯಿತೆಂದಾಗ ಮಕ್ಕಳು ಎದ್ದು ಕುಳಿತರು. ಗೋವೆಯ ಧ್ರುವ ಸಂಶೋಧನಾ ಕೇಂದ್ರಕ್ಕೆ ಕಳುಹಿಸಿದ ಕಾಗದಗಳನ್ನು ತಂಡದವರು ಒಯ್ದು, ಅಲ್ಲಿಯ ಮೊಹರು ಒತ್ತಿಸಿ ಮರಳಿ ತರುತ್ತಾರೆ. ಸ್ಟಾಂಪಿನ ಖರ್ಚಿನಲ್ಲಿ ಧ್ರುವಯಾತ್ರೆ!

ಬರೆಯಲು ಕುಳಿತಾಗ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಅಲ್ಲಿ ಕನ್ನಡ ಯಾರು ಓದುತ್ತಾರೆ?" ನಾವು ತುಸು ತಡವರಿಸಿದೆವು. ಜೂನ್ ತಿಂಗಳಲ್ಲಿ ಮಕ್ಕಳನ್ನು ಸೇರಿಸಲು ಮನೆಮನೆಗೆ ಹೋದಾಗ ತಂದೆತಾಯಿಗಳು ನಮ್ಮನ್ನು ಕೇಳುವುದೂ ಇದನ್ನೇ ತಾನೆ? "ಇಲ್ಲಿ ಕನ್ನಡ ಕಲಿತು ಯಾರ ಹತ್ತಿರ ಮಾತಾಡಬೇಕು ಮಾಷ್ಟ್ರೆ?" ಎಂದು. ಅಷ್ಟರಲ್ಲಿ ಶಾಲಿನ ಹುಡುಗಿಯೇ ಹೇಳಿದಳು: "ಮೊಹರು ಒತ್ತುವವರು ಒಳಗಿನದು ಓದುತ್ತಾರೆಯೆ? ತಿರುಗಿ ಬಂದ ಮೇಲೆ ನನ್ನ ಅಜ್ಜಿಗೆ ಓದಿ ಹೇಳಬೇಕು. ಅಜ್ಜಿಗೆ ಬರುವುದು ಕನ್ನಡವೇ."

ಹೊರಗೆ ಇಂಗ್ಲಿಷ್ ವಿಳಾಸ, ಒಳಗೆ ಕನ್ನಡ ಎಂದು ತೀರ್ಮಾನವಾಯಿತು. ಹೋದದ್ದು ಮರಳಲು ತಿಂಗಳುಗಳೇ ಬೇಕು. ಅಷ್ಟು ಹೊತ್ತಿಗೆ ಹತ್ತನೆಯ ತರಗತಿಯವರು ಶಾಲೆ ಬಿಟ್ಟಿರುತ್ತಾರೆ. ಅದಕ್ಕಾಗಿ ಮರಳಿ ಬರುವ ಲಕೋಟೆಯ ಮೇಲೆ ಶಾಲೆಯದಲ್ಲ, ಅವರವರ ಮನೆಯ ವಿಳಾಸವನ್ನೇ ಬರೆಸಿದೆವು.