ಭೋರ್‌ಘಾಟಿನ ಕಟಿಂಗುಗಳು

ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಆ ದಾರಿಯನ್ನು ಪುಣೆಯ ಕಡೆಗೆ ಘಟ್ಟ ಹತ್ತಿಸುವುದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಗೆ ಎದುರಾದ ದೊಡ್ಡ ಸವಾಲು. ಕರ್ಜತ್-ಲೋಣಾವಳಾಗಳ ನಡುವಣ ಭೋರ್‌ಘಾಟಿನಲ್ಲಿ ಸುಮಾರು 16 ಮೈಲಿಯೊಳಗೆ 1,831 ಅಡಿ ಏರಬೇಕಿತ್ತು. ಕಬ್ಬಿಣದ ಹಳಿಯ ಮೇಲೆ ಗಾಲಿಗೆ ಹಿಡಿತ ಕಡಮೆ. ಆದುದರಿಂದ ಉಗಿಬಂಡಿಗೆ ಕಡಿದಾದ ಏರು ಸಲ್ಲದು. ಉಬ್ಬನ್ನು ಕಡಿದು, ತಗ್ಗನ್ನು ತುಂಬಿ ದಾರಿಯನ್ನು ಹದಗೊಳಿಸಬೇಕು. ಹೀಗೆ ಕಡಿದ ಭಾಗವನ್ನು ರೈಲ್ವೆಯವರು ‘ಕಟಿಂಗ್’ ಎನ್ನುತ್ತಾರೆ.

ಜೇಮ್ಸ್ ಬರ್ಕ್ಲಿ ಮುಖ್ಯ ಎಂಜಿನಿಯರರಾಗಿದ್ದ ಈ ಕಾಮಗಾರಿ 1856ರಲ್ಲಿ ಆರಂಭವಾಯಿತು. ಉಗಿಬಂಡಿಗಾಗಿ ನಡೆದ ಈ ಅಗೆತವೆಲ್ಲ ಬಹುಮಟ್ಟಿಗೆ ಮನುಷ್ಯರ ತೋಳ್ಬಲದಿಂದಲೇ ಸಾಗಿತೆಂಬುದು ಗಮನಾರ್ಹ. ಗಟ್ಟಿಯಾದ ಕರಿಗಲ್ಲಿನಲ್ಲಿ ಹಾರೆ, ಸುತ್ತಿಗೆಗಳಿಂದ ಕುಳಿ ಕೊರೆದು, ಕರಿಮದ್ದು ತುಂಬಿ, ಬಾಯಿಯನ್ನು ಬಿಗಿದು ಬತ್ತಿಗೆ ಕಿಚ್ಚಿಡುತ್ತಿದ್ದರು. ನೊಬೆಲ್ ಡೈನಮೈಟಿಗೆ ಹಕ್ಕುಸ್ವಾಮ್ಯ ಪಡೆದದ್ದು 1867ರಲ್ಲಿ. ಅದು ಈ ಕೆಲಸಕ್ಕೆ ಒದಗಲಿಲ್ಲ. ಕಾಲೂರಲು ನೆಲೆಯಿಲ್ಲದ ಕಡೆ ಕೂಲಿಗಳನ್ನು ಹಗ್ಗ ಕಟ್ಟಿ ಇಳಿಬಿಡುತ್ತಿದ್ದರು. ಒಡೆದ ಕಲ್ಲನ್ನು ಹೆಂಗಸರೂ ಮಕ್ಕಳೂ ಬುಟ್ಟಿಗಳಲ್ಲಿ ಹೊತ್ತು ಸಾಗಿಸುತ್ತಿದ್ದರು. ಹತ್ತಿರದ ತಗ್ಗುಗಳಲ್ಲಿ ಅದೇ ಒಡ್ಡಾಗುತ್ತಿತ್ತು.

1859ರಲ್ಲಿ ಕೂಲಿ ಬಟವಾಡೆಯಾಗದೆ ಗಲಭೆಯೆದ್ದು, ಗುತ್ತಿಗೆದಾರ ಫ್ಯಾವಿಯೆಲ್ ಕೆಲಸ ಬಿಟ್ಟನು. ಅವನ ಸ್ಥಾನಕ್ಕೆ ಬಂದ ಸಾಲೊಮನ್ ಟ್ರೆಡ್‌ವೆಲ್ ಕೆಲವೇ ವಾರಗಳಲ್ಲಿ ತೀರಿಕೊಂಡನು. ಅವನ ಪತ್ನಿ ಆಲಿಸ್ ಗುತ್ತಿಗೆಯನ್ನು ವಹಿಸಿಕೊಂಡಳು. 1861ರಲ್ಲಿ ಕೆಲಸಗಾರರ ಸಂಖ್ಯೆ 42,000ವನ್ನು ಮುಟ್ಟಿತ್ತು. ಕಾಲರಾ, ಜ್ವರ, ಸಿಡಿತಗಳಿಗೆ ಸಾವಿರಾರು ಜನ ಬಲಿಯಾದರು. 25 ಸುರಂಗಗಳುಳ್ಳ ಈ ದಾರಿ 1863ರಲ್ಲಿ ತೆರೆಯಿತು; ಅದನ್ನು ಕಾಣಲು ಬರ್ಕ್ಲಿ ಉಳಿದಿರಲಿಲ್ಲ. 1871ರಲ್ಲಿ ರಾಯಚೂರಿನವರೆಗೆ ಮುಂದುವರಿದ ಈ ಮಾರ್ಗವೇ ಕಲಬುರಗಿ, ರಾಯಚೂರುಗಳನ್ನು ಮುಂಬಯಿಗೆ ಬೆಸೆಯಿತು.

ಎಂಜಿನಿಯರರ ವರದಿಗಳು ಕಡಿದ ಬಂಡೆ-ಮಣ್ಣುಗಳನ್ನು ಘನಗಜಗಳಲ್ಲಿ ಲೆಕ್ಕವಿಟ್ಟಿವೆ. ಅದು 20 ಲಕ್ಷವನ್ನು ಮೀರುತ್ತದೆ. ಕಡಿದವರಾದರೋ ಅಲ್ಲಿ ಬರಿಯ ಸಂಖ್ಯೆಯಾಗಿದ್ದಾರೆ. ಇಂಥ ಕಡೆ ಭಾಷೆಯೂ ಒಂದು ಆಕರವಾಗಬಲ್ಲದು. ದಕ್ಷಿಣದ ರೈಲುದಾರಿಗಳ ನಿರ್ಮಾಣದಲ್ಲಿ ದುಡಿದವರಲ್ಲಿ, ಇಂದು ಭೋವಿ ಎಂದೂ ಕರೆಯಲಾಗುವ ಒಡ್ಡರ ಸಮುದಾಯವೂ ಒಂದು. ಅವರೊಳಗಿನ ‘ಮಣ್ಣುಒಡ್ಡ’, ‘ಕಲ್ಲುಒಡ್ಡ’ ಎಂಬ ಹೆಸರುಗಳೇ ಕಸುಬಿನ ವಿಂಗಡಣೆಯನ್ನು ಹೇಳುತ್ತವೆ. ಕೆರೆ ಕಟ್ಟಿದ, ಕಲ್ಲು ಸೀಳಿದ ಪರಂಪರಾಗತ ಅರಿವು ರೈಲುದಾರಿಗೂ ಸಂದಿತು. ಅವರ ಪದಗಳನ್ನೂ ಕುಟುಂಬಸ್ಮೃತಿಗಳನ್ನೂ ಸಂಗ್ರಹಿಸಿದಲ್ಲಿ, ವರದಿಗಳು ಬಿಟ್ಟುಹೋದ ಚರಿತ್ರೆಯ ಒಂದು ಪಾಲಾದರೂ ಕನ್ನಡಕ್ಕೆ ದಕ್ಕೀತು.