ಮೂಳೆಯ ಏಡಿಗಂತಿ: ಒಂದೇ ರೋಗ, ಇಬ್ಬರು ರೋಗಿಗಳು

ದೊಡ್ಡ ಜಾತಿಯ ನಾಯಿಯೊಂದು ಒಂದು ಬೆಳಗ್ಗೆ ಕುಂಟತೊಡಗುತ್ತದೆ. ಎಲ್ಲಿಯೋ ಹಾರುವಾಗ ಕಾಲು ಉಳುಕಿರಬೇಕೆಂದು ಯಜಮಾನನು ಸುಮ್ಮನಾಗುತ್ತಾನೆ. ವಾರಗಳು ಕಳೆದರೂ ಕುಂಟು ನಿಲ್ಲುವುದಿಲ್ಲ. ಮುಂಗಾಲಿನ ಮಣಿಕಟ್ಟಿನ ಮೇಲೆ ಗಟ್ಟಿಯಾದ ಬಾವು ಕಾಣಿಸಿಕೊಳ್ಳುತ್ತದೆ. ಇನ್ನೊಂದು ಮನೆಯಲ್ಲಿ ಹದಿನೈದು ವರ್ಷದ ಹುಡುಗನೊಬ್ಬನು ಮೊಣಕಾಲು ನೋಯುತ್ತದೆಂದು ಹೇಳುತ್ತಾನೆ. ಆಟದಲ್ಲಿ ಬಿದ್ದ ಪೆಟ್ಟೆಂದು ಬಗೆದು ಮನೆಯವರು ಎಣ್ಣೆ ಹಚ್ಚಿ ನೀವುತ್ತಾರೆ. ನೋವು ರಾತ್ರಿ ನಿದ್ದೆಗೆಡಿಸುವಷ್ಟು ಬಲಿಯುತ್ತದೆ. ಈ ಎರಡು ಮೂಳೆಗಳಿಂದ ತೆಗೆದ ತುಣುಕುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ, ಯಾವುದು ನಾಯಿಯದು, ಯಾವುದು ಹುಡುಗನದು ಎಂದು ಹೇಳುವುದು ಪರಿಣತರಿಗೂ ಕಷ್ಟ. ಇಬ್ಬರನ್ನೂ ಹಿಡಿದಿರುವುದು ಒಂದೇ ರೋಗ. ಅದರ ಹೆಸರು ಆಸ್ಟಿಯೋಸಾರ್ಕೋಮ. ಮೂಳೆಯಲ್ಲಿಯೇ ಹುಟ್ಟುವ ಕ್ಯಾನ್ಸರ್, ಎಂದರೆ ಏಡಿಗಂತಿ.

ಮೂಳೆಯೆಂದರೆ ಕಲ್ಲಿನಂತೆ ಜಡವಾದ ವಸ್ತುವೆಂದು ಅನೇಕರು ಭಾವಿಸಿರುವುದುಂಟು. ವಸ್ತುತಃ ಅದು ಜೀವಂತವಾದ ಅಂಗ. ಅದರೊಳಗೆ ಕೆಲವು ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿದ್ದರೆ, ಬೇರೆ ಕೆಲವು ಹೊಸದನ್ನು ಕಟ್ಟುತ್ತಿರುತ್ತವೆ. ಕಟ್ಟುವ ಕೆಲಸಕ್ಕೆ ಸೇರಿದ ಜೀವಕೋಶಗಳು ಅಂಕೆ ತಪ್ಪಿ ಎಡೆಬಿಡದೆ ವೃದ್ಧಿಯಾಗುವುದೇ ಈ ರೋಗ. ಅವು ಕಟ್ಟುವುದೂ ಮೂಳೆಯನ್ನೇ. ಆದರೆ ಅದು ಬಲಿಯದ, ಕ್ರಮವಿಲ್ಲದ ಮೂಳೆ. ಸುತ್ತಲಿನ ಒಳ್ಳೆಯ ಮೂಳೆ ಸವೆದು, ಕೆಲವೊಮ್ಮೆ ಸಣ್ಣ ಪೆಟ್ಟಿಗೇ ಮುರಿಯುತ್ತದೆ.

ರೋಗವು ಆರಿಸಿಕೊಳ್ಳುವ ಸ್ಥಳಗಳಲ್ಲಿಯೂ ಹೋಲಿಕೆಯಿದೆ. ಉದ್ದವಾದ ಮೂಳೆಗಳ ತುದಿಗಳ ಬಳಿಯೇ ಅದರ ನೆಲೆ. ಮಾನವನಲ್ಲಿ ಹೆಚ್ಚಾಗಿ ಮೊಣಕಾಲಿನ ಸುತ್ತ, ಅನಂತರ ತೋಳಿನ ಮೇಲ್ತುದಿಯಲ್ಲಿ. ನಾಯಿಯಲ್ಲಿ ಮುಂಗಾಲಿನ ಮಣಿಕಟ್ಟಿನ ಮೇಲೆ, ಭುಜದ ಬಳಿ, ಹಾಗೂ ಹಿಂಗಾಲಿನ ಮೊಣಕಾಲಿನ ಸುತ್ತ. ನಾಯಿಯ ಮೈಭಾರದ ಹೆಚ್ಚಿನ ಪಾಲನ್ನು ಹೊರುವುವು ಮುಂಗಾಲುಗಳೇ ಎಂಬುದನ್ನು ಇಲ್ಲಿ ನೆನೆಯಬಹುದು. ಮನುಷ್ಯರಲ್ಲಿ ಈ ರೋಗವು ಮೈ ಭರದಿಂದ ಬೆಳೆಯುವ ಹದಿಹರೆಯದಲ್ಲಿ ಹೆಚ್ಚು. ನಾಯಿಗಳಲ್ಲಿ ಗ್ರೇಟ್ ಡೇನ್, ರಾಟ್‌ವೈಲರ್, ಸೇಂಟ್ ಬರ್ನಾರ್ಡ್, ಐರಿಷ್ ವುಲ್ಫ್‌ಹೌಂಡ್ ಮೊದಲಾದ ಭಾರಿ ತಳಿಗಳಲ್ಲಿ ಹೆಚ್ಚು. ವ್ಯತ್ಯಾಸವೂ ಉಂಟು. ನಾಯಿಗೆ ಇದು ಸಾಮಾನ್ಯವಾಗಿ ಏಳೆಂಟು ವರ್ಷಗಳ ಪ್ರಾಯದಲ್ಲಿ, ಎಂದರೆ ಯೌವನ ಕಳೆದ ಮೇಲೆ ಬರುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವರ್ಷಕ್ಕೆ ಸುಮಾರು ೧,೦೦೦ ಮಂದಿಗೆ ಈ ರೋಗ ತಗಲಿದರೆ, ನಾಯಿಗಳಲ್ಲಿ ಆ ಸಂಖ್ಯೆ ೧೦,೦೦೦ವನ್ನು ಮೀರುತ್ತದೆ.

ಕಾಲಿನ ಗಂತಿಯೊಂದೇ ಆಗಿದ್ದರೆ ಕಾಲನ್ನು ಕತ್ತರಿಸಿ ಪ್ರಾಣವನ್ನು ಉಳಿಸಬಹುದಾಗಿತ್ತು. ಆದರೆ ಗಂತಿ ಕಣ್ಣಿಗೆ ಬೀಳುವ ವೇಳೆಗಾಗಲೇ ಅದರ ಕೆಲವು ಜೀವಕೋಶಗಳು ರಕ್ತದೊಡನೆ ಶ್ವಾಸಕೋಶವನ್ನು ಸೇರಿ ಅಡಗಿ ಕುಳಿತಿರುತ್ತವೆ. ಕ್ಷ-ಕಿರಣದ ಚಿತ್ರದಲ್ಲಿಯೂ ಅವು ಕಾಣಿಸುವುದಿಲ್ಲ. ಕೆನಡಾ ದೇಶದ ಟೆರಿ ಫಾಕ್ಸ್ ಎಂಬ ತರುಣನ ಕತೆ ಇದಕ್ಕೆ ನಿದರ್ಶನ. ಹದಿನೆಂಟನೆಯ ವಯಸ್ಸಿನಲ್ಲಿ, ೧೯೭೭ರಲ್ಲಿ, ಆತನ ಬಲಗಾಲನ್ನು ಮೊಣಕಾಲಿನ ಮೇಲೆ ಕತ್ತರಿಸಬೇಕಾಯಿತು. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲೆಂದು ಆತನು ೧೯೮೦ರ ಏಪ್ರಿಲ್‌ನಲ್ಲಿ ಕೃತಕ ಕಾಲು ತೊಟ್ಟು ದೇಶದುದ್ದಕ್ಕೂ ಓಡಲು ಹೊರಟನು. ೧೪೩ ದಿನಗಳಲ್ಲಿ ೫,೩೭೩ ಕಿಲೋಮೀಟರು ಓಡಿದನು. ಅಷ್ಟರಲ್ಲಿ ರೋಗವು ಶ್ವಾಸಕೋಶದಲ್ಲಿ ತಲೆಯೆತ್ತಿತ್ತು. ೧೯೮೧ರ ಜೂನ್‌ನಲ್ಲಿ ಆತನು ತೀರಿಕೊಂಡನು.

ಕಾಲು ಕತ್ತರಿಸುವುದೊಂದೇ ಚಿಕಿತ್ಸೆಯಾಗಿದ್ದ ಕಾಲದಲ್ಲಿ ಐವರು ರೋಗಿಗಳಲ್ಲಿ ಒಬ್ಬನೂ ಬಹುಕಾಲ ಬದುಕುತ್ತಿರಲಿಲ್ಲ. ೧೯೭೦ರ ದಶಕದಲ್ಲಿ ಶಸ್ತ್ರಚಿಕಿತ್ಸೆಯೊಡನೆ ಪ್ರಬಲ ಔಷಧಗಳೂ ಸೇರಿದ ಮೇಲೆ ಸ್ಥಿತಿ ಬದಲಾಯಿತು. ರೋಗವು ಬೇರೆಡೆಗೆ ಹರಡಿದ್ದು ಕಾಣದಿದ್ದವರಲ್ಲಿ ಇಂದು ಸುಮಾರು ಮೂರರಲ್ಲಿ ಎರಡು ಪಾಲು ಬದುಕುಳಿಯುತ್ತಾರೆ. ಆದರೆ ಕಳೆದ ನಾಲ್ಕು ದಶಕಗಳಲ್ಲಿ ಈ ಪ್ರಮಾಣವು ಹೆಚ್ಚಾಗಿ ಮೇಲೇರಿಲ್ಲ. ಆದುದರಿಂದಲೇ ವೈದ್ಯರ ದೃಷ್ಟಿ ನಾಯಿಯ ಕಡೆಗೆ ಹೊರಳಿತು.

ಪ್ರಯೋಗಶಾಲೆಯ ಇಲಿಗೆ ರೋಗವನ್ನು ನಾವೇ ಅಂಟಿಸಬೇಕು. ನಾಯಿಗಾದರೋ ಅದು ತಾನಾಗಿ ಬರುತ್ತದೆ. ನಮ್ಮ ಮನೆಯಲ್ಲಿಯೇ ಇದ್ದು, ನಾವು ಕುಡಿಯುವ ನೀರನ್ನೇ ಕುಡಿದು ಬೆಳೆದ ಪ್ರಾಣಿ ಅದು. ಅದರ ಆಯುಷ್ಯ ಕಿರಿದಾದುದರಿಂದ, ಮನುಷ್ಯರಲ್ಲಿ ಹಲವು ವರ್ಷ ಕಾದು ತಿಳಿಯಬೇಕಾದ ಫಲ ಅದರಲ್ಲಿ ಒಂದೆರಡು ವರ್ಷಗಳಲ್ಲಿಯೇ ತಿಳಿಯುತ್ತದೆ. ಇಂಥ ಪರೀಕ್ಷೆಗಳಲ್ಲಿ ನಾಯಿಯು ಬಲಿಪಶುವಲ್ಲ, ರೋಗಿ; ಯಜಮಾನನ ಒಪ್ಪಿಗೆಯಿಂದ, ಗುಣವಾಗಲೆಂಬ ಆಸೆಯಿಂದಲೇ ಅದಕ್ಕೆ ಮದ್ದು ಕೊಡುತ್ತಾರೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಪಶುವೈದ್ಯ ಮ್ಯಾಕ್‌ಯೂವನ್ ಮತ್ತು ಅವರ ಸಂಗಡಿಗರು ೧೯೮೯ರಲ್ಲಿ ಪ್ರಕಟಿಸಿದ ಪರೀಕ್ಷೆ ಪ್ರಸಿದ್ಧವಾದುದು. ಬ್ಯಾಕ್ಟೀರಿಯಗಳ ಹೊರಗೋಡೆಯಲ್ಲಿರುವ ಒಂದು ಅಂಶವನ್ನು ಹೋಲುವ ವಸ್ತುವನ್ನು ಕೃತಕವಾಗಿ ತಯಾರಿಸಿ, ಕೊಬ್ಬಿನ ಅತಿ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿ, ಕಾಲು ಕತ್ತರಿಸಿದ ನಾಯಿಗಳ ರಕ್ತನಾಳಕ್ಕೆ ಚುಚ್ಚಿದರು. ಶತ್ರು ಬಂದನೆಂದು ಎಚ್ಚೆತ್ತ ಶ್ವಾಸಕೋಶದ ರಕ್ಷಕ ಜೀವಕೋಶಗಳು ಅಲ್ಲಿ ಅಡಗಿದ ಏಡಿಗಂತಿಯ ಕೋಶಗಳ ಮೇಲೂ ಬೀಳಬಹುದೆಂಬುದು ಅವರ ಎಣಿಕೆ. ಬರಿಯ ಗುಳ್ಳೆಗಳನ್ನು ಪಡೆದ ನಾಯಿಗಳಲ್ಲಿ ಅರ್ಧದಷ್ಟು ೭೭ ದಿನಗಳೊಳಗೆ ಸತ್ತವು. ಮದ್ದು ಪಡೆದವುಗಳಲ್ಲಿ ಈ ಅವಧಿ ೨೨೨ ದಿನಗಳಿಗೆ ಏರಿತು. ಮುಂದೆ ೬೬೨ ಮಂದಿ ರೋಗಿಗಳ ಮೇಲೆ ನಡೆದ ಪರೀಕ್ಷೆಯ ವರದಿ ೨೦೦೮ರಲ್ಲಿ ಬಂದಿತು: ಆರು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ ೭೦ರಿಂದ ೭೮ಕ್ಕೆ ಏರಿತ್ತು. ಯೂರೋಪು ೨೦೦೯ರಲ್ಲಿ ಈ ಮದ್ದಿಗೆ ಅನುಮತಿಯಿತ್ತಿತು. ಆದರೆ ಅಮೆರಿಕವು, ಆಧಾರ ಸಾಲದೆಂದು, ೨೦೦೭ರಲ್ಲಿಯೇ ಅದನ್ನು ನಿರಾಕರಿಸಿತ್ತು. ನಾಯಿಯು ದಾರಿಯನ್ನು ತೋರಬಲ್ಲುದು; ದಾರಿಯನ್ನು ನಡೆದು ನೋಡಬೇಕಾದವರು ನಾವೇ.

ನಾಯಿಯ ಆನುವಂಶಿಕ ಲಿಪಿಯನ್ನು ೨೦೦೫ರಲ್ಲಿ ಓದಿ ಪ್ರಕಟಿಸಿದ ಮೇಲೆ ಇನ್ನೊಂದು ಬಾಗಿಲು ತೆರೆಯಿತು. ಗ್ರೇಹೌಂಡ್, ರಾಟ್‌ವೈಲರ್ ಮತ್ತು ಐರಿಷ್ ವುಲ್ಫ್‌ಹೌಂಡ್ ತಳಿಗಳನ್ನು ಪರೀಕ್ಷಿಸಿ, ಈ ರೋಗಕ್ಕೆ ಸಂಬಂಧಿಸಿದ ೩೩ ತಾಣಗಳನ್ನು ವಿಜ್ಞಾನಿಗಳು ೨೦೧೩ರಲ್ಲಿ ಗುರುತಿಸಿದರು. ಮನುಷ್ಯರಲ್ಲಿ ಈ ರೋಗ ಅಪರೂಪ, ಒಬ್ಬರಂತೆ ಇನ್ನೊಬ್ಬರಿಲ್ಲ. ಒಂದು ತಳಿಯ ನಾಯಿಗಳಾದರೋ ಹತ್ತಿರದ ಬಂಧುಗಳು. ಹುಲ್ಲುಬಣವೆಯಲ್ಲಿ ಸೂಜಿ ಹುಡುಕುವಾಗ ಬಣವೆ ಚಿಕ್ಕದಾದಷ್ಟೂ ಲಾಭವಲ್ಲವೆ?

ಇಷ್ಟಾದರೂ, ಕಾಲು ಕತ್ತರಿಸಿ ಔಷಧ ಕೊಟ್ಟರೂ, ನಾಯಿಗಳಲ್ಲಿ ಬಹುಪಾಲು ಒಂದು ವರ್ಷದ ಆಸುಪಾಸಿನಲ್ಲಿಯೇ ಸಾಯುತ್ತವೆ. ಅದು ನಮಗೆ ಕೊಟ್ಟುದು ಹೆಚ್ಚು, ನಮ್ಮಿಂದ ಪಡೆದುದು ಕಡಿಮೆ. ಈ ಋಣ ಇನ್ನೂ ತೀರಿಲ್ಲ.

ಎಳೆಯ ವಾಚಕರು ಮೊಣಕಾಲು ನೋಯುವಾಗಲೆಲ್ಲ ಹೆದರಬೇಕಾಗಿಲ್ಲ. ಅಂಥ ನೋವುಗಳಲ್ಲಿ ಏಡಿಗಂತಿಯದು ತೀರ ವಿರಳ. ಆದರೆ ವಾರಗಟ್ಟಲೆ ನಿಲ್ಲದ, ರಾತ್ರಿ ಎಬ್ಬಿಸುವ, ಬಾವಿನೊಡನೆ ಕೂಡಿದ ನೋವನ್ನು ಎಣ್ಣೆ ನೀವಿ ಅಡಗಿಸಲು ಹೋಗದೆ ವೈದ್ಯರಿಗೆ ತೋರಿಸಿ, ಕ್ಷ-ಕಿರಣದ ಚಿತ್ರ ತೆಗೆಸಬೇಕು. ನಾಯಿಗೆ ತನ್ನ ನೋವನ್ನು ಹೇಳಲು ಬಾರದು, ಕುಂಟಬಲ್ಲುದು ಅಷ್ಟೆ. ಮಾತು ಬಲ್ಲ ನಾವು ನಮ್ಮ ನೋವನ್ನು ಬಚ್ಚಿಡಬಾರದು. ಅದರ ಕುಂಟನ್ನೂ ಕಡೆಗಣಿಸಬಾರದು.