ಮೇವಿನೊಳಗಿನ ಎಣ್ಣೆಯ ಅಂಶವೂ ದನಗಳ ಗಬ್ಬವೂ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲೂಕುಗಳ ಗೌಡರೂ ಜಮೀನುದಾರರೂ ಬೇಸಿಗೆಯ ಕೊನೆಯಲ್ಲಿ ಹೇಳುವ ಗೋಳು ಬಹುತರವಾಗಿ ಒಂದೇ ಆಗಿರುತ್ತದೆ: ಆಕಳು ಈದು ಐದಾರು ತಿಂಗಳಾದರೂ ಬೆದೆಗೆ ಬರಲಿಲ್ಲ; ಬಂದರೂ ಗಬ್ಬ ನಿಲ್ಲಲಿಲ್ಲ. ಹೀಗೆ ಒಂದು ವರ್ಷ ಬರಿದೆ ನಿಂತ ಆಕಳು ಹಾಲನ್ನೂ ಕೊಡದೆ, ಕರುವನ್ನೂ ಕೊಡದೆ, ಮೇವನ್ನು ಮಾತ್ರ ತಿಂದು ಕಡೆಗೆ ಹಾವೇರಿಯ ದನದ ಪೇಟೆಯ ದಾರಿ ಹಿಡಿಯುತ್ತದೆ. ಇದಕ್ಕೆ ದೈವವನ್ನಾಗಲಿ ದೃಷ್ಟಿಯನ್ನಾಗಲಿ ದೂರುವ ಮೊದಲು ಗೋದಲಿಯಲ್ಲಿ ಏನು ಬಿದ್ದಿದೆಯೆಂಬುದನ್ನು ನೋಡತಕ್ಕದ್ದು.

ಈದ ಆಕಳು ಮೊದಲಿನ ಕೆಲವು ವಾರಗಳಲ್ಲಿ ತಾನು ತಿಂದುದಕ್ಕಿಂತ ಹೆಚ್ಚಿನ ಸತ್ವವನ್ನು ಹಾಲಿನ ರೂಪದಲ್ಲಿ ಕೊಡುತ್ತದೆ. ಆ ಕೊರತೆಯನ್ನು ಮೈಯೊಳಗಿನ ಕೊಬ್ಬನ್ನು ಕರಗಿಸಿ ತುಂಬಿಕೊಳ್ಳುವದು. ಪಕ್ಕೆಲುಬು ಎಣಿಸುವಷ್ಟು ಸೊರಗಿದ ಮೇಲೆ ಬೆದೆಯು ತಾನಾಗಿಯೇ ಮುಂದಕ್ಕೆ ಹೋಗುತ್ತದೆ. ಎಣ್ಣೆಯ ಅಂಶವು ಕಾಳಿನ ಹಿಟ್ಟಿಗಿಂತ ಎರಡು ಪಟ್ಟಿಗೂ ಮಿಗಿಲಾದ ಶಕ್ತಿಯುಳ್ಳದ್ದು. ಅದಲ್ಲದೆ ಗಬ್ಬವನ್ನು ಕಾಪಾಡುವ ಪ್ರೊಜೆಸ್ಟರಾನ್ ಎಂಬ ರಸವು ರಕ್ತದೊಳಗಿನ ಕೊಲೆಸ್ಟರಾಲಿನಿಂದಲೇ ತಯಾರಾಗುವದು. ಮೇವಿನಲ್ಲಿ ತಕ್ಕಷ್ಟು ಎಣ್ಣೆಯಿದ್ದರೆ ಈ ಕೊಲೆಸ್ಟರಾಲು ಹೆಚ್ಚುತ್ತದೆ.

ಜೋಳದ ಕಣಿಕೆಯಲ್ಲಾಗಲಿ ಗೋವಿನ ಜೋಳದ ದಂಟಿನಲ್ಲಾಗಲಿ ಎಣ್ಣೆಯು ನೂರಕ್ಕೆ ಎರಡು ಭಾಗದ ಆಸುಪಾಸು ಮಾತ್ರ. ಹಿಂದೆ ಊರ ಗಾಣದ ಶೇಂಗಾ ಹಿಂಡಿಯು ಈ ಕೊರತೆಯನ್ನು ನೀಗಿಸುತ್ತಿತ್ತು. ಅದರಲ್ಲಿ ನೂರಕ್ಕೆ ಸುಮಾರು 8 ರಿಂದ 10 ಭಾಗ ಎಣ್ಣೆ ಉಳಿಯುತ್ತಿತ್ತು. ಈಗ ಕಾರಖಾನೆಯಲ್ಲಿ ದ್ರಾವಕ ಹಾಕಿ ಎಣ್ಣೆ ತೆಗೆದ ಹಿಂಡಿಯಲ್ಲಿ ಸುಮಾರು ಒಂದೇ ಭಾಗ ಉಳಿಯುತ್ತದೆ. ಹೆಸರು ಹಿಂಡಿಯೇ, ಸರಕು ಮಾತ್ರ ಬೇರೆ. ಕೊಳ್ಳುವಾಗ ಇದನ್ನು ಕೇಳಿ ತಿಳಿದುಕೊಳ್ಳುವದು ಅವಶ್ಯ.

ಹಾಗೆಂದು ಆಕಳಿಗೆ ಎಣ್ಣೆಯನ್ನೇ ಕುಡಿಸುವದು ಅವಿವೇಕ. ಒಮ್ಮೆಲೆ ಹೊಟ್ಟೆಗೆ ಬಿದ್ದ ಎಣ್ಣೆಯು ಮೇವಿನ ನಾರನ್ನು ಮುಸುಕಿ, ಅದನ್ನು ಕರಗಿಸುವ ಸೂಕ್ಷ್ಮಜೀವಿಗಳನ್ನು ಕೆಡಿಸುತ್ತದೆ. ಆಕಳು ಮೇವು ಬಿಡುತ್ತದೆ. ಕಾಳಿನೊಳಗಿನ ಎಣ್ಣೆಯಾದರೋ ಮೆಲುಕಿನೊಡನೆ ಮೆಲ್ಲಗೆ ಹೊರಬೀಳುವದು. ಈ ದೃಷ್ಟಿಯಿಂದ ಹತ್ತಿಕಾಳು ತಿನಿಸುವ ನಮ್ಮ ಹಿರಿಯರ ರೂಢಿಯು ಒಳ್ಳೆಯದೇ. ಆದರೆ ಲೆಕ್ಕ ಬೇಕು. ಒಣಗಿದ ತೂಕದಲ್ಲಿ ದಿನಕ್ಕೆ 9 ಕಿಲೋ ಮೇವು ತಿನ್ನುವ ಆಕಳಿಗೆ ಎಲ್ಲ ಸೇರಿ ನೂರಕ್ಕೆ 6 ಭಾಗ, ಅಂದರೆ 540 ಗ್ರಾಮು ಎಣ್ಣೆಯನ್ನು ಮೀರಬಾರದು. ಕಣಿಕೆಯಿಂದಲೇ ಸುಮಾರು 180 ಗ್ರಾಮು ಬರುತ್ತದೆ. ಒಂದು ಕಿಲೋ ಹತ್ತಿಕಾಳಿನಲ್ಲಿ ಸರಿಸುಮಾರು ಅಷ್ಟೇ ಎಣ್ಣೆಯಿದೆ. ಆದುದರಿಂದ ಒಂದು ಕಿಲೋ ಹಿತ. ಎರಡು ಕಿಲೋ ಕಡೆಯ ಮೇರೆ.

ಇನ್ನು ಹೋರಿಯ ಮಾತು. ದೀಪಾವಳಿಯ ತರುವಾಯ ಕೊಬ್ಬರಿ ಹಾರ ಕಟ್ಟಿ ಓಡಿಸುವ ಹೋರಿಯನ್ನು ಮನೆಯ ಮಗನಂತೆ ಸಾಕುವವರು ನಮ್ಮಲ್ಲಿ ಬಹಳ. ಹತ್ತಿಕಾಳನ್ನು ಬುಟ್ಟಿಗಟ್ಟಲೆ ಸುರಿಯುವವರೂ ಉಂಟು. ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ವಿಷಾಂಶವಿರುತ್ತದೆ. ಬೆಳೆದ ಆಕಳ ಹೊಟ್ಟೆಯು ಅದನ್ನು ಬಹುಮಟ್ಟಿಗೆ ಜೀರ್ಣಿಸಿಕೊಳ್ಳುವದು. ಎಳೆಗರುವಿಗೆ ಆ ಶಕ್ತಿಯಿಲ್ಲ. ಹೋರಿಗೆ ಬಹಳ ದಿನ ಹೆಚ್ಚಾಗಿ ತಿನಿಸಿದರೆ ವೀರ್ಯವು ಕೆಡುತ್ತದೆ. ನೋಡುವದಕ್ಕೆ ಮದವೇರಿದ ಹೋರಿ, ಹಾರಿದ ಆಕಳು ಮಾತ್ರ ಖಾಲಿ! ಊರ ಆಕಳುಗಳಿಗೆ ಬಿಡುವ ಹೋರಿಯಾದರೆ ಹತ್ತಿಕಾಳನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಹೊಸ ವೀರ್ಯವು ಸಿದ್ಧವಾಗಲು ಅಷ್ಟು ಕಾಲ ಹಿಡಿಯುತ್ತದೆ. ಅದಕ್ಕೆ ಬದಲಾಗಿ ಹುರುಳಿಯನ್ನೂ ಶೇಂಗಾ ಹಿಂಡಿಯನ್ನೂ ಕೊಡಬಹುದು.

ಹಸಿರು ಮೇವನ್ನು ಮರೆಯಬಾರದು. ಗಬ್ಬಕ್ಕೆ ಬೇಕಾದ ಎ ಜೀವಸತ್ವವು ಹಸಿರಿನಿಂದ ದೊರೆಯುವದು. ಬಿಸಿಲಿಗೆ ಬಿಳುಪಾದ ಕಣಿಕೆಯಲ್ಲಿ ಅದು ಉಳಿದಿರುವದಿಲ್ಲ. ಬಾವಿಯ ನೀರುಳ್ಳವರು ಹತ್ತು ಗುಂಟೆಯಷ್ಟಾದರೂ ಹಸಿ ಮೇವು ಬೆಳೆಯುವದು ಯುಕ್ತ.

ಬೆದೆಯು 21 ದಿನಕ್ಕೊಮ್ಮೆ ಬಂದು ಒಂದು ದಿನದೊಳಗೆ ಇಳಿಯುತ್ತದೆ. ಎಮ್ಮೆಯದು ಬಹುತರವಾಗಿ ಮೂಕ ಬೆದೆಯಾದುದರಿಂದ ಸಂಜೆ ಮುಂಜಾನೆ ನೋಡುವವರಿರಬೇಕು. ಮೇಲಿನಂತೆ ಮೇವು ಕೊಟ್ಟೂ ಮೂರು ಬೆದೆ ವ್ಯರ್ಥವಾದರೆ ದೋಷವು ಗೋದಲಿಯಲ್ಲಿ ಇರಲಿಕ್ಕಿಲ್ಲ. ಗರ್ಭಕೋಶವನ್ನು ಪಶುವೈದ್ಯರಿಗೆ ತೋರಿಸತಕ್ಕದ್ದು.